ಕೈಗೆ ಸಿಕ್ಕ ಗಿಡ ಯಾವ ಗುಂಪಿನದು, ಅದು ಸಂತಾನ ಬೆಳೆಸುವುದು ಹೇಗೆ: ಹಂತ ಹಂತವಾಗಿ ಪತ್ತೆ ಮಾಡುವ ಬಗೆ

‘ಜರೀಗಿಡಕ್ಕೆ ಹೂವೇ ಬಿಡುವುದಿಲ್ಲವಲ್ಲ, ಮತ್ತೆ ಮರಿ ಗಿಡ ಎಲ್ಲಿಂದ ಬರುತ್ತದೆ?’ ‘ಗೋಡೆ ಮೇಲಿನ ಹಸಿರು ಪಾಚಿಯೋ ಹಾವಸೆಯೋ?’ ‘ಪೈನ್ ಮರದ ಶಂಕುವನ್ನು ಹಣ್ಣು ಎನ್ನಬಹುದೇ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸಸ್ಯಗಳ ಗುಂಪುಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಕೂಡ ಗಿಡವನ್ನೇ ಕೈಗಿತ್ತರೆ ತಡವರಿಸುತ್ತಾರೆ. ಹೆಸರಿನ ಪಟ್ಟಿ ನೆನಪಿರುತ್ತದೆ, ಎಲ್ಲಿ ನೋಡಬೇಕೆಂಬುದು ಗೊತ್ತಿರುವುದಿಲ್ಲ.

ಆದ್ದರಿಂದ ಇಲ್ಲಿ ಪಟ್ಟಿ ಬಿಟ್ಟು ಒಂದೇ ಒಂದು ಪ್ರಶ್ನೆಯ ಬೆನ್ನು ಹಿಡಿಯೋಣ. ಈ ಗಿಡದಲ್ಲಿ ಗಂಡು ಕಣ ಹೆಣ್ಣು ಕಣದ ಬಳಿಗೆ ಹೇಗೆ ಹೋಗಿ ಸೇರುತ್ತದೆ? ನೀರಿನಲ್ಲಿ ಈಜಿಕೊಂಡೋ, ಗಾಳಿಯಲ್ಲಿ ತೇಲಿಕೊಂಡೋ, ಕೀಟದ ಮೈಗೆ ಅಂಟಿಕೊಂಡೋ? ನನ್ನ ಮಟ್ಟಿಗೆ ಇಡೀ ಸಸ್ಯಲೋಕ ಅರ್ಥವಾಗತೊಡಗಿದ್ದು ಈ ಪ್ರಶ್ನೆಯಿಂದಲೇ.

ಬೇಕಾಗುವ ಸಾಮಾನು

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಹರಿತವಾದ ಬ್ಲೇಡು, ಒಂದು ಸೂಜಿ, ಬಿಳಿ ಹಾಳೆ, ಸ್ವಲ್ಪ ನೀರು, ಬರೆದುಕೊಳ್ಳಲು ಪುಸ್ತಕ. ಭೂತಗನ್ನಡಿಯನ್ನು ಗಿಡದ ಹತ್ತಿರ ಹಿಡಿದು ದೂರದಿಂದ ನೋಡುವವರೇ ಹೆಚ್ಚು. ಹಾಗೆ ಮಾಡಬೇಡಿ. ಗನ್ನಡಿಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಗಿಡವನ್ನೇ ಮೆಲ್ಲನೆ ಅದರ ಬಳಿಗೆ ತನ್ನಿ.

ಎಚ್ಚರಿಕೆ ಎರಡು. ಕೊಯ್ದಾಗ ಬಿಳಿ ಹಾಲು ಸುರಿಸುವ ಗಿಡಗಳಿದ್ದರೆ ಆ ಕೈಯಿಂದ ಕಣ್ಣು ಮುಟ್ಟಿಕೊಳ್ಳಬೇಡಿ, ಎಕ್ಕ ಮತ್ತು ಕಳ್ಳಿಯ ಹಾಲು ಕಣ್ಣಿಗೆ ಹಾನಿ ಮಾಡುತ್ತದೆ. ಗುರುತು ಗೊತ್ತಿಲ್ಲದ ಯಾವ ಗಿಡವನ್ನೂ ನಾಲಗೆಗೆ ತಾಗಿಸಬೇಡಿ.

ಮೊದಲು ತಿಳಿದಿರಬೇಕಾದ ಮೂರು ಪದ

ಬೀಜಾಣು: ಒಂದೇ ಕೋಶದ, ದೂಳಿನಂಥ ಕಣ. ಇದರಲ್ಲಿ ಭ್ರೂಣವಿಲ್ಲ, ಬುತ್ತಿಯೂ ಇಲ್ಲವೆನ್ನುವಷ್ಟು ಕಡಿಮೆ. ಬೀಜದಲ್ಲಾದರೋ ಆಗಲೇ ಹುಟ್ಟಿದ ಪುಟ್ಟ ಗಿಡವೂ ಅದಕ್ಕೆ ಬೇಕಾದ ಆಹಾರವೂ ಹೊದಿಕೆಯೊಳಗೆ ಸಿದ್ಧವಾಗಿರುತ್ತವೆ. ಬೀಜಾಣುವನ್ನು ‘ಸಣ್ಣ ಬೀಜ’ ಎಂದುಕೊಳ್ಳುವುದೇ ಬಹುತೇಕ ಗೊಂದಲಗಳ ಮೂಲ.

ಲಿಂಗಾಣು: ಗಂಡು ಅಥವಾ ಹೆಣ್ಣು ಸಂತಾನಕೋಶ. ಗಂಡಿನದು ವೀರ್ಯಾಣು, ಹೆಣ್ಣಿನದು ಅಂಡ. ಎರಡೂ ಕೂಡುವುದಕ್ಕೆ ನಿಷೇಚನ ಎನ್ನುತ್ತಾರೆ.

ಪೀಳಿಗೆಗಳ ಪರ್ಯಾಯ: ಹೆಸರು ಕೇಳಿ ಹೆದರಬೇಡಿ. ನಮ್ಮ ದೇಹದ ಕೋಶಗಳಲ್ಲಿ ವರ್ಣತಂತುಗಳ ಎರಡು ಕಟ್ಟುಗಳಿವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದೇ ಕಟ್ಟಿರುವುದು ಅಂಡದಲ್ಲಿ ಮತ್ತು ವೀರ್ಯಾಣುವಿನಲ್ಲಿ ಮಾತ್ರ. ಸಸ್ಯಗಳು ಹಾಗಲ್ಲ. ಅವುಗಳ ಬಾಳಿನಲ್ಲಿ ಒಂದು ಕಟ್ಟಿನ ದೇಹ ಮತ್ತು ಎರಡು ಕಟ್ಟಿನ ದೇಹ ಸರದಿಯಂತೆ ಬರುತ್ತವೆ. ಎರಡು ಕಟ್ಟಿನ ದೇಹ ಬೀಜಾಣು ಉದುರಿಸುತ್ತದೆ, ಅದು ಬೀಜಾಣುಸಸ್ಯ. ಆ ಬೀಜಾಣು ಮೊಳೆತು ಒಂದು ಕಟ್ಟಿನ ದೇಹವಾಗಿ ಲಿಂಗಾಣುಗಳನ್ನು ಮಾಡುತ್ತದೆ, ಅದು ಲಿಂಗಾಣುಸಸ್ಯ. ಹಾವಸೆಯಿಂದ ಹಿಡಿದು ಪೈನ್ ಜಾತಿಯವರೆಗೆ ಎಲ್ಲದರಲ್ಲೂ ಈ ಸರದಿ ಒಂದೇ ಎಂದು 1851ರಲ್ಲಿ ತೋರಿಸಿಕೊಟ್ಟವನು ಜರ್ಮನಿಯ ವಿಲ್‌ಹೆಲ್ಮ್ ಹಾಫ್‌ಮೈಸ್ಟರ್. ಸಸ್ಯವಿಜ್ಞಾನದಲ್ಲಿ ಇಷ್ಟು ಚೆಂದದ ಕಾಣ್ಕೆ ಇನ್ನೊಂದು ಸಿಗುವುದು ಕಷ್ಟ.

ಹಂತ 1: ಇದು ಸಸ್ಯವೇ ಹೌದೇ?

ಅಣಬೆ ಸಸ್ಯವಲ್ಲ, ಅದರಲ್ಲಿ ಹಸಿರು ವರ್ಣಕವಿಲ್ಲ. ಕಲ್ಲು ಮತ್ತು ತೊಗಟೆಯ ಮೇಲೆ ಬೂದು, ಹಳದಿ, ತಿಳಿಹಸಿರು ಪಟ್ಟೆಯಂತೆ ಅಂಟಿಕೊಂಡಿರುವ ಕಲ್ಲುಹೂವೂ ಸಸ್ಯವಲ್ಲ. ಶಿಲೀಂಧ್ರವೊಂದು ಪಾಚಿಯನ್ನೋ ನೀಲಿಹಸಿರು ಬ್ಯಾಕ್ಟೀರಿಯಾವನ್ನೋ ಜೊತೆಗಿಟ್ಟುಕೊಂಡು ನಡೆಸುವ ಕೂಡುಬಾಳು ಅದು.

ಇನ್ನು ಪಾಚಿ. ನಮ್ಮ ಮಾತಿನಲ್ಲಿ ಜಾರುವ ಹಸಿರೆಲ್ಲವೂ ಪಾಚಿಯೇ, ಹಾಗಾಗಿ ಗೊಂದಲ ಸಹಜ. ಸೂಜಿಯ ಮೊನೆಯಿಂದ ಸ್ವಲ್ಪ ಎತ್ತಿ ಭೂತಗನ್ನಡಿಯಲ್ಲಿ ನೋಡಿ. ಲೋಳೆಯಂತೆ, ನೂಲಿನಂತೆ ಇದ್ದು ಎಲೆ ಕಾಣದಿದ್ದರೆ ಪಾಚಿ. ಪುಟ್ಟ ಕಾಂಡದ ಸುತ್ತ ಪುಟ್ಟ ಎಲೆಗಳು ಕಂಡರೆ ಹಾವಸೆ. ಹಸಿರು ಪಾಚಿಗಳ ಒಂದು ಕವಲೇ ನೆಲದ ಸಸ್ಯಗಳ ಹತ್ತಿರದ ನಂಟ. ಇನ್ನು ಮುಂದೆ ನಾವು ನೋಡುವುದು ನೆಲದ ಸಸ್ಯಗಳನ್ನು ಮಾತ್ರ.

ಹಂತ 2: ಎಲೆಯಲ್ಲಿ ನಿಜವಾದ ನರಗಳಿವೆಯೇ?

ಗಿಡ ಬೆರಳ ಗೆಣ್ಣಿಗಿಂತ ಗಿಡ್ಡವಾಗಿದ್ದು, ಎಲೆ ತೆಳ್ಳಗೆ ಬೆಳಕು ಹಾಯುವಂತಿದ್ದು, ಬುಡದಲ್ಲಿ ಬೇರಿನ ಬದಲು ಕೂದಲಿನಂಥ ಎಳೆಗಳಷ್ಟೇ ಇದ್ದರೆ ನೀವು ಹಿಡಿದಿರುವುದು ಹಾವಸೆಯ ಗುಂಪು. ಹಾವಸೆ, ಲಿವರ್‌ವರ್ಟ್, ಹಾರ್ನ್‌ವರ್ಟ್ ಎಂಬ ಮೂರು ಬಳಗ ಸೇರಿ ಸುಮಾರು 20,000 ಪ್ರಭೇದಗಳು. ನೀರು ಮತ್ತು ಆಹಾರ ಸಾಗಿಸುವ ಗಟ್ಟಿ ಕೊಳವೆಗಳು, ಅಂದರೆ ವಾಹಕ ಅಂಗಾಂಶ, ಇವುಗಳಲ್ಲಿ ಇಲ್ಲ. ಮೈಯೆಲ್ಲದರಿಂದಲೂ ನೀರು ಹೀರುತ್ತವೆ. ಒಣಗಿ ಮುದುಡಿದ ಹಾವಸೆಯ ಮೇಲೆ ನಾಲ್ಕು ಹನಿ ನೀರು ಬಿಟ್ಟು ಭೂತಗನ್ನಡಿಯಲ್ಲಿ ನೋಡುತ್ತಿರಿ. ಎಷ್ಟೋ ಜಾತಿಗಳಲ್ಲಿ ಎಲೆಗಳು ನಿಮ್ಮ ಕಣ್ಣೆದುರೇ ಬಿಚ್ಚಿಕೊಳ್ಳುತ್ತವೆ.

ಈಗ ಹಾವಸೆಯ ತಲೆಯ ಮೇಲೆ ತೆಳು ಕಡ್ಡಿ, ಕಡ್ಡಿಯ ತುದಿಗೊಂದು ಪುಟ್ಟ ಡಬ್ಬಿ ಇರುವುದನ್ನು ಹುಡುಕಿ. ಮೆತ್ತನೆಯ ಹಸಿರು ಹಾಸೆಲ್ಲ ಒಂದು ಕಟ್ಟಿನ ಲಿಂಗಾಣುಸಸ್ಯ. ಕಡ್ಡಿ ಮತ್ತು ಡಬ್ಬಿ ಸೇರಿ ಎರಡು ಕಟ್ಟಿನ ಬೀಜಾಣುಸಸ್ಯ. ಅಂದರೆ ನೀವು ಒಂದು ಗಿಡ ಎಂದುಕೊಂಡದ್ದು ತಾಯಿ ಮತ್ತು ಮಗು. ತಾಯಿಯ ನೆತ್ತಿಯಲ್ಲೇ ಹುಟ್ಟಿ, ಅವಳಿಂದಲೇ ಉಂಡು, ಬೀಜಾಣು ಚೆಲ್ಲಿ ಅಲ್ಲೇ ಒಣಗುವ ಮಗು. ಎಳೆಯ ಡಬ್ಬಿಯ ಮೇಲೆ ಸಣ್ಣದೊಂದು ಟೋಪಿ ಕಾಣುತ್ತದಲ್ಲ, ಅದು ತಾಯಿಯ ಅಂಗಾಂಶ. ಟೋಪಿ ಉದುರಿ ಮುಚ್ಚಳವೂ ಬಿದ್ದ ಡಬ್ಬಿ ಸಿಕ್ಕರೆ ಬಾಯಿಯ ಸುತ್ತ ಹಲ್ಲುಗಳ ಸಾಲು ಕಾಣುತ್ತದೆ. ಅದರ ಮೇಲೆ ಮೆಲ್ಲನೆ ಉಸಿರು ಬಿಡಿ. ತೇವಕ್ಕೆ ಹಲ್ಲುಗಳು ಅಲುಗುತ್ತವೆ. ಬೀಜಾಣುಗಳು ಒಮ್ಮೆಗೇ ಸುರಿದುಹೋಗದಂತೆ ಕಾಯುವ ಬಾಗಿಲು ಅದು.

ನಮ್ಮ ಪ್ರಶ್ನೆಗೆ ಇಲ್ಲಿ ಉತ್ತರ: ಈಜಿಕೊಂಡು. ಹಾವಸೆಯ ವೀರ್ಯಾಣುವಿಗೆ ಎರಡು ಬಾಲಗಳಿವೆ. ಮಳೆಹನಿ ಅಥವಾ ಇಬ್ಬನಿಯ ತೆಳು ಪೊರೆ ಇಲ್ಲದಿದ್ದರೆ ಅದು ಅಂಡವನ್ನು ತಲುಪಲಾರದು. ಹಾವಸೆ ಗಿಡ್ಡವಾಗಿಯೇ ಉಳಿದದ್ದಕ್ಕೆ ಇದೂ ಒಂದು ಕಾರಣ, ಕೊಳವೆಗಳಿಲ್ಲದಿರುವುದು ಇನ್ನೊಂದು.

ಎಲ್ಲಿ ತಪ್ಪಾಗುತ್ತದೆ: ಹಾವಸೆಯಂತೆಯೇ ಕಾಣುವ ಸೆಲಾಜಿನೆಲ್ಲ ಹಾವಸೆಯಲ್ಲ, ಅದಕ್ಕೆ ವಾಹಕ ಅಂಗಾಂಶವೂ ನಿಜವಾದ ಬೇರೂ ಇವೆ. ಹಾಗೆಯೇ ಎಲೆ, ಕಾಂಡ ಎಂಬ ಭೇದವಿಲ್ಲದೆ ನೆಲಕ್ಕೆ ಚಪ್ಪಟೆಯಾಗಿ ಅಂಟಿರುವ ಹಸಿರು ಪಟ್ಟಿ ಸಿಕ್ಕರೆ ಪಾಚಿ ಎಂದು ಎಸೆಯಬೇಡಿ. ಅದು ಮಾರ್ಕಾಂಷಿಯಾದಂಥ ಲಿವರ್‌ವರ್ಟ್ ಇರಬಹುದು. ಅದರ ಮೇಲೆ ಪುಟ್ಟ ಬಟ್ಟಲುಗಳೂ ಬಟ್ಟಲಲ್ಲಿ ಹಸಿರು ಬಿಲ್ಲೆಗಳೂ ಇದ್ದರೆ ನಿಮ್ಮ ಅದೃಷ್ಟ. ಮಳೆಹನಿ ಬಟ್ಟಲಿಗೆ ಬಿದ್ದಾಗ ಆ ಬಿಲ್ಲೆಗಳು ಸಿಡಿದು, ನಿಷೇಚನದ ಗೊಡವೆಯೇ ಇಲ್ಲದೆ ಹೊಸ ಗಿಡಗಳಾಗುತ್ತವೆ.

ಹಂತ 3: ನರಗಳಿವೆ, ಆದರೆ ಹೂವೂ ಇಲ್ಲ ಬೀಜವೂ ಇಲ್ಲವೇ? ಎಲೆ ತಿರುಗಿಸಿ

ಎಳೆಯ ಎಲೆ ಪಿಟೀಲಿನ ತಲೆಯಂತೆ ಸುರುಳಿ ಸುತ್ತಿಕೊಂಡಿದ್ದು, ಬಲಿತ ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳೋ ಗೆರೆಗಳೋ ಸಾಲಾಗಿ ಕಂಡರೆ ಅದು ಜರೀಗಿಡ. ಜರೀಗಿಡ ಮತ್ತದರ ಸಂಬಂಧಿಗಳಲ್ಲಿ ಸುಮಾರು 12,000 ಪ್ರಭೇದಗಳಿವೆ. ಆ ಚುಕ್ಕೆಯೇ ಸೋರಸ್, ಅಂದರೆ ಬೀಜಾಣು ಚೀಲಗಳ ಗೊಂಚಲು.

ಎಲ್ಲಿ ತಪ್ಪಾಗುತ್ತದೆ: ಸೋರಸ್‌ಗಳನ್ನು ರೋಗ ಎಂದುಕೊಂಡು ಔಷಧಿ ಹೊಡೆದವರಿದ್ದಾರೆ, ಶಲ್ಕಕೀಟಗಳನ್ನು ಸೋರಸ್ ಎಂದು ಸಾಕಿದವರೂ ಇದ್ದಾರೆ. ವ್ಯತ್ಯಾಸ ಸುಲಭ. ಸೋರಸ್‌ಗಳು ಎಲೆಯ ಅಡಿಯಲ್ಲೇ, ನರಗಳನ್ನು ಅನುಸರಿಸಿ ಅಚ್ಚುಕಟ್ಟಾಗಿ ಕೂತಿರುತ್ತವೆ. ಕೀಟಗಳು ಎಲೆಯ ಮೇಲೂ ದಂಟಿನಲ್ಲೂ ಅಡ್ಡಾದಿಡ್ಡಿಯಾಗಿರುತ್ತವೆ, ಸೂಜಿಯಿಂದ ಎಬ್ಬಿದರೆ ಇಡಿಯಾಗಿ ಕಳಚಿ ಬರುತ್ತವೆ. ಒಂದು ಎಲೆಯಲ್ಲಿ ಸೋರಸ್ ಕಾಣದಿದ್ದರೆ ಬೇರೆ ಎಲೆ ನೋಡಿ, ಕೆಲವು ಜಾತಿಗಳಲ್ಲಿ ಬೀಜಾಣು ಬಿಡುವ ಎಲೆಗಳೇ ಬೇರೆ.

ಈ ಹಂತದಲ್ಲಿ ಆತುರ ಬೇಡ. ಜರೀಗಿಡದ ಗುಟ್ಟನ್ನು ಮನೆಯಲ್ಲೇ ಬೆಳೆಸಿ ನೋಡಬಹುದು.

ಅ) ಸೋರಸ್ ಕಂದಾಗಿ ಬಲಿತ, ಆದರೆ ಇನ್ನೂ ಒಡೆಯದ ಎಲೆಯ ತುಂಡನ್ನು ಅಡಿಭಾಗ ಕೆಳಗಾಗಿ ಬಿಳಿ ಹಾಳೆಯ ಮೇಲಿಡಿ. ಮೇಲೊಂದು ಹಾಳೆ ಮುಚ್ಚಿ, ಗಾಳಿ ಆಡದ ಒಣ ಜಾಗದಲ್ಲಿ ಒಂದೆರಡು ದಿನ ಬಿಡಿ. ಎಲೆ ಎತ್ತಿದಾಗ ಹಾಳೆಯ ಮೇಲೆ ಸೋರಸ್‌ಗಳ ಪಡಿಯಚ್ಚಿನಂತೆ ಪುಡಿ ಬಿದ್ದಿರುತ್ತದೆ.

ಆ) ಆ ಪುಡಿಯೆಲ್ಲ ಬೀಜಾಣುವಲ್ಲ. ಹಾಳೆಯನ್ನು ಓರೆ ಮಾಡಿ ಮೆಲ್ಲನೆ ತಟ್ಟಿ. ಒಡೆದ ಚೀಲಗಳ ಹೊಟ್ಟು ಮೊದಲು ಉರುಳಿ ಹೋಗುತ್ತದೆ, ನುಣುಪಾದ ಬೀಜಾಣು ಹಾಳೆಗೆ ಅಂಟಿಕೊಂಡು ಉಳಿಯುತ್ತದೆ. ಹೊಟ್ಟನ್ನೂ ಬಿತ್ತಿದರೆ ಬೂಷ್ಟು ಹಿಡಿಯುವುದು ಖಂಡಿತ.

ಇ) ಸಣ್ಣ ಡಬ್ಬಿಯಲ್ಲಿ ಮಣ್ಣು ಹಾಕಿ, ಅದರ ಮೇಲೆ ಕುದಿಯುವ ನೀರು ಸುರಿದು ಪೂರ್ತಿ ಆರಲು ಬಿಡಿ. ಹೀಗೆ ಮಾಡದಿದ್ದರೆ ಹಾವಸೆ ಮತ್ತು ಬೂಷ್ಟು ಮೊದಲೇ ಜಾಗ ಹಿಡಿಯುತ್ತವೆ. ಮೇಲೆ ಬೀಜಾಣುಗಳನ್ನು ತೆಳ್ಳಗೆ ಉದುರಿಸಿ. ಮಣ್ಣು ಮುಚ್ಚಬೇಡಿ, ಇವು ಮೊಳೆಯಲು ಬೆಳಕು ಬೇಕು. ಪಾರದರ್ಶಕ ಮುಚ್ಚಳ ಹಾಕಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ.

ಈ) ಕೆಲವು ವಾರಗಳಲ್ಲಿ ಮಣ್ಣಿನ ಮೇಲೆ ಹಸಿರು ಪೊರೆ, ಕೆಲವು ತಿಂಗಳಲ್ಲಿ ಹೃದಯದಾಕಾರದ ಪುಟ್ಟ ಎಲೆಯಂಥವು ಕಾಣುತ್ತವೆ. ಒಂದೊಂದೂ 1 ಸೆಂಟಿಮೀಟರಿಗಿಂತ ಚಿಕ್ಕದು. ಜನ ಇಲ್ಲಿಯೇ ಮೋಸಹೋಗುತ್ತಾರೆ, ‘ಜರೀಗಿಡ ಬರಲಿಲ್ಲ, ಕಳೆ ಬಂತು’ ಎಂದು ಕಿತ್ತು ಬಿಸಾಡುತ್ತಾರೆ. ಬಿಸಾಡಬೇಡಿ! ಪ್ರೋಥ್ಯಾಲಸ್ ಎಂದು ಕರೆಯುವ ಅದೇ ಜರೀಗಿಡದ ಲಿಂಗಾಣುಸಸ್ಯ. ತಾಯಿಯ ಹಂಗಿಲ್ಲದೆ, ಮಗುವಿನ ಹಂಗಿಲ್ಲದೆ ಸ್ವತಂತ್ರವಾಗಿ ಬದುಕುವ ಗಿಡ.

ಉ) ಈಗ ನವಿರಾಗಿ ನೀರು ಸಿಂಪಡಿಸಿ. ಹೃದಯದ ಅಡಿಭಾಗದಲ್ಲಿರುವ ಗಂಡು ಅಂಗಗಳಿಂದ ಹಲವು ಬಾಲಗಳ ವೀರ್ಯಾಣುಗಳು ಹೊರಬಿದ್ದು, ಆ ನೀರಿನ ಪೊರೆಯಲ್ಲಿ ಈಜಿ, ಹೆಣ್ಣು ಅಂಗಗಳನ್ನು ಸೇರುತ್ತವೆ. ನೀರು ಸಾಲದಿದ್ದರೆ ಹೃದಯಗಳು ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತವೆ. ನಿಷೇಚನವಾದರೆ ಹೃದಯದ ನಡುವಿನಿಂದ ಜರೀಗಿಡದ ಮೊದಲ ಪುಟ್ಟ ಎಲೆ ಮೇಲೆದ್ದು ಬರುತ್ತದೆ. ಅದನ್ನು ಮೊದಲ ಬಾರಿ ಕಂಡ ದಿನ ನನಗಾದ ಸಂತೋಷ ನಿಮಗೂ ಆಗಲಿ.

ಬಲಿತ ಸೋರಸ್ ಇರುವ ಹಸಿ ಎಲೆಯನ್ನು ದೀಪದ ಬೆಚ್ಚನೆಯ ಬೆಳಕಿನಡಿ ಭೂತಗನ್ನಡಿಯಲ್ಲಿ ನೋಡುವುದನ್ನೂ ಮರೆಯಬೇಡಿ. ಚೀಲದ ಬೆನ್ನಿನ ಮೇಲಿರುವ ದಪ್ಪ ಕೋಶಗಳ ಪಟ್ಟಿ ಒಣಗುತ್ತ ಹಿಂದಕ್ಕೆ ಬಾಗಿ, ತಟ್ಟನೆ ಕವಣೆಯಂತೆ ಮುಂದಕ್ಕೆ ಹೊಡೆದು ಬೀಜಾಣುಗಳನ್ನು ಎಸೆಯುತ್ತದೆ. ಹೆಚ್ಚಿನ ಜರೀಗಿಡಗಳ ಒಂದು ಚೀಲದಲ್ಲಿ 64 ಬೀಜಾಣುಗಳಿರುತ್ತವೆ.

ನಾಲ್ಕೆಲೆಯ ಮಾರ್ಸಿಲಿಯಾ, ನೀರ ಮೇಲೆ ತೇಲುವ ಅಜೋಲ ಕೂಡ ಇದೇ ಬಳಗದವು. ಆದರೆ ಹೆಸರಿನಲ್ಲಿ ‘ಫರ್ನ್’ ಇರುವ ಆಸ್ಪರಾಗಸ್ ಫರ್ನ್ ಜರೀಗಿಡವಲ್ಲ, ಅದು ಹೂಬಿಡುತ್ತದೆ.

ಹಂತ 4: ಬೀಜವಿದೆ, ಹಣ್ಣಿಲ್ಲವೇ?

ಪೈನ್ ಶಂಕುವಿನ ಒಂದು ಶಲ್ಕವನ್ನು ಕಿತ್ತು ಮೇಲ್ಭಾಗ ನೋಡಿ. ಎರಡು ಬೀಜಗಳು, ಇಲ್ಲವೇ ಅವು ಇದ್ದ ಗುರುತು, ಬಯಲಾಗಿಯೇ ಇರುತ್ತವೆ. ಬೀಜವನ್ನು ಸುತ್ತುವರಿದ ಅಂಡಾಶಯ ಇಲ್ಲದ್ದರಿಂದಲೇ ಇವು ಅನಾವೃತಬೀಜ ಸಸ್ಯಗಳು. ಅಂಡಾಶಯವಿಲ್ಲದೆ ಹಣ್ಣಿಲ್ಲ, ಹಾಗಾಗಿ ಶಂಕು ಹಣ್ಣಲ್ಲ. ಪ್ರಭೇದಗಳು ಸುಮಾರು 1,000 ಮಾತ್ರ.

ಇಲ್ಲಿ ಲಿಂಗಾಣುಸಸ್ಯ ತೀರಾ ಕುಗ್ಗಿದೆ. ಗಂಡಿನದು ಪರಾಗದ ಕಣದೊಳಗೆ ಅಡಗಿದೆ, ಹೆಣ್ಣಿನದು ಅಂಡಕದೊಳಗೆ. ಅಂಡಕ ಎಂದರೆ ಮುಂದೆ ಬೀಜವಾಗುವ ಭಾಗ. ಪೈನಿನ ಪರಾಗಕ್ಕೆ ಎರಡು ಗಾಳಿಚೀಲಗಳಿವೆ, ಅದು ಗಾಳಿಯಲ್ಲಿ ಬಂದು ಅಂಡಕವನ್ನು ಸೇರುತ್ತದೆ. ಪರಾಗ ಬಂದು ಸೇರಿದ ಮೇಲೂ ನಿಷೇಚನಕ್ಕೆ ಸುಮಾರು ಒಂದು ವರ್ಷ ಕಾಯಬೇಕು. ಈಜಬೇಕಾದ ಕಷ್ಟ ಅಲ್ಲಿಗೆ ಮುಗಿಯಿತು ಎನ್ನುವಾಗಲೇ ಒಂದು ವಿಸ್ಮಯವಿದೆ. 1896ರಲ್ಲಿ ಜಪಾನಿನ ಸಾಕುಗೊರೊ ಹಿರಾಸೆ ಗಿಂಕ್ಗೊ ಮರದಲ್ಲಿ ಈಜುವ ವೀರ್ಯಾಣುಗಳನ್ನು ಕಂಡರು. ಅದೇ ವರ್ಷ ಸೇಯಿಚಿರೊ ಇಕೆನೊ ಸೈಕಾಸ್‌ನಲ್ಲೂ ಕಂಡರು. ಪರಾಗ ಗಾಳಿಯಲ್ಲಿ ಬಂದರೂ ಕೊನೆಯ ಕೂದಲೆಳೆಯಷ್ಟು ದೂರವನ್ನು ಅಂಡಕದೊಳಗಿನ ದ್ರವದಲ್ಲಿ ವೀರ್ಯಾಣು ಈಜಿಯೇ ದಾಟುತ್ತದೆ. ಹಾವಸೆಯ ಕಾಲದ ರೂಢಿ ಅಲ್ಲಿ ಇನ್ನೂ ಉಳಿದಿದೆ.

ಎಲ್ಲಿ ತಪ್ಪಾಗುತ್ತದೆ: ಸೈಕಾಸ್ ತಾಳೆಯಂತೆ ಕಾಣುತ್ತದೆ, ತಾಳೆಯಲ್ಲ. ಗಾಳಿಮರ ಪೈನಿನಂತೆ ಕಾಣುತ್ತದೆ, ಅದರ ಕಾಯಿಯೂ ಪುಟ್ಟ ಶಂಕುವಿನಂತಿದೆ, ಆದರೂ ಅದು ಹೂಬಿಡುವ ಮರ. ಸೂಜಿಯೆಂದುಕೊಂಡದ್ದನ್ನು ಎಳೆದು ನೋಡಿ. ಗೆಣ್ಣು ಗೆಣ್ಣಾಗಿ ಕಳಚಿ ಬಂದರೆ ಅದು ಗಾಳಿಮರದ ಕಡ್ಡಿ, ನಿಜವಾದ ಎಲೆಗಳು ಆ ಗೆಣ್ಣಿನಲ್ಲಿ ಹಲ್ಲುಗಳಂತೆ ಸಣ್ಣಗಿವೆ.

ಹಂತ 5: ಹೂವಿದ್ದರೆ ಬಿಚ್ಚಿ ನೋಡಿ

ಉಳಿದದ್ದೆಲ್ಲ ಆವೃತಬೀಜ ಸಸ್ಯಗಳು, ಅಂದರೆ ಅಂಡಾಶಯದೊಳಗೆ ಬೀಜ ಮುಚ್ಚಿಟ್ಟುಕೊಂಡವು. ಸುಮಾರು 3 ಲಕ್ಷ ಪ್ರಭೇದಗಳು. ಮೊದಲ ಪಾಠಕ್ಕೆ ದಾಸವಾಳಕ್ಕಿಂತ ಒಳ್ಳೆಯ ಹೂವಿಲ್ಲ, ಐದು ಎಸಳಿನದನ್ನೇ ಆರಿಸಿ. ನಡುವಿನ ಕೋಲಿನ ಮೈಮೇಲಿರುವ ಹಳದಿ ಗುಂಡುಗಳು ಪರಾಗಕೋಶಗಳು. ಕೋಲಿನ ತುದಿಯ ಐದು ಮಕಮಲ್ಲಿನ ಗುಂಡಿಗಳು ಶಲಾಕಾಗ್ರಗಳು, ಪರಾಗ ಬಂದು ಕೂರುವ ಜಾಗ. ಕೋಲನ್ನು ಉದ್ದಕ್ಕೆ ಸೀಳಿದರೆ ಒಳಗೆ ಶಲಾಕೆ ಎಂಬ ನೂಲು ಬುಡದವರೆಗೂ ಇಳಿದಿರುವುದು ಕಾಣುತ್ತದೆ. ಬುಡದ ಅಂಡಾಶಯವನ್ನು ಅಡ್ಡ ಕೊಯ್ದರೆ ಐದು ಕೋಣೆಗಳು, ಅವುಗಳಲ್ಲಿ ಮುತ್ತಿನಂಥ ಅಂಡಕಗಳು.

ಪರಾಗಸ್ಪರ್ಶ ಮತ್ತು ನಿಷೇಚನ ಒಂದೇ ಎಂದುಕೊಂಡವರು ಬಹಳ. ಪರಾಗ ಶಲಾಕಾಗ್ರಕ್ಕೆ ಬಂದು ಬಿದ್ದರೆ ಪರಾಗಸ್ಪರ್ಶ, ಅಷ್ಟೇ. ಆಮೇಲೆ ಆ ಕಣ ಮೊಳೆತು, ತೆಳು ಕೊಳವೆಯೊಂದನ್ನು ಶಲಾಕೆಯೊಳಗೆ ಇಳಿಸಿ, ಅಂಡಕದವರೆಗೂ ವೀರ್ಯಕೋಶಗಳನ್ನು ಒಯ್ಯಬೇಕು. ಈಜಲು ಬಾಲವಿಲ್ಲ, ಈಜುವ ಅಗತ್ಯವೂ ಇಲ್ಲ. ಜೋಳದ ಜಾತಿಯ ಮೆಕ್ಕೆಜೋಳದ ತೆನೆಯಿಂದ ಹೊರಗಿಣುಕುವ ರೇಷ್ಮೆಯಂಥ ಎಳೆಗಳು ಗೊತ್ತಲ್ಲ, ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಪರಾಗದ ಕೊಳವೆ ಆ ಎಳೆಯ ಉದ್ದಕ್ಕೂ ಸಾಗಿದರೆ ಮಾತ್ರ ಕಾಳು ಕಟ್ಟುತ್ತದೆ. ತೆನೆಯಲ್ಲಿ ಅಲ್ಲಲ್ಲಿ ಕಾಳಿಲ್ಲದ ಜಾಗವಿದ್ದರೆ ಆ ಎಳೆಗಳಿಗೆ ಪರಾಗ ಸಿಗದೆ ಹೋಗಿರುವುದು ಸಾಮಾನ್ಯ ಕಾರಣ.

ಕೊಳವೆ ಒಯ್ಯುವುದು ಒಂದಲ್ಲ, ಎರಡು ವೀರ್ಯಕೋಶಗಳನ್ನು. ಒಂದು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ನಡುವಿನ ಕೋಶದ ಎರಡು ಕೋಶಕೇಂದ್ರಗಳೊಡನೆ ಕೂಡಿ, ಮೂರು ಕಟ್ಟು ವರ್ಣತಂತುಗಳ ಭ್ರೂಣಾಹಾರವಾಗುತ್ತದೆ. ಈ ಜೋಡಿ ನಿಷೇಚನವನ್ನು 1898ರಲ್ಲಿ ರಷ್ಯಾದ ಸೆರ್ಗೆಯ್ ನವಾಶಿನ್, 1899ರಲ್ಲಿ ಫ್ರಾನ್ಸಿನ ಲಿಯೋನ್ ಗಿನ್ಯಾರ್ ಕಂಡರು. ಎಳನೀರು ಎಂದರೆ ಇದೇ ಭ್ರೂಣಾಹಾರದ ದ್ರವರೂಪ, ಕೋಶಗೋಡೆ ಕಟ್ಟಿಕೊಳ್ಳದ ಕೋಶಕೇಂದ್ರಗಳು ಅದರಲ್ಲಿ ತೇಲುತ್ತಿರುತ್ತವೆ. ಕೋಶಗೋಡೆ ಮೂಡಿದ ಭಾಗವೇ ಬಿಳಿಯ ತಿರುಳು. ಹುರುಳಿಯಂಥ ಕಾಳುಗಳಲ್ಲಿ ಭ್ರೂಣ ಈ ಆಹಾರವನ್ನು ಮೊದಲೇ ಹೀರಿ ತನ್ನ ಎರಡು ಬೇಳೆಗಳಲ್ಲಿ ತುಂಬಿಕೊಂಡಿರುತ್ತದೆ.

ಒಂದು ಪ್ರಯೋಗ: ದೊಡ್ಡ ಅವರೆಕಾಳನ್ನು ರಾತ್ರಿಯಿಡೀ ನೆನೆಹಾಕಿ, ಒರೆಸಿ, ಬೆರಳುಗಳ ನಡುವೆ ಮೆಲ್ಲನೆ ಒತ್ತಿ. ಕಾಳಿನ ಗುರುತಿನ ಪಕ್ಕದ ಸಣ್ಣ ರಂಧ್ರದಿಂದ ನೀರಹನಿ ಒಸರುತ್ತದೆ. ಆ ಕಾಳು ಅಂಡಕವಾಗಿದ್ದಾಗ ಪರಾಗದ ಕೊಳವೆ ಒಳಹೊಕ್ಕ ದಾರಿ ಅದು.

ಎಲ್ಲಿ ತಪ್ಪಾಗುತ್ತದೆ: ಸೂರ್ಯಕಾಂತಿ ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳ ಗುಚ್ಛ. ಬೋಗನ್‌ವಿಲ್ಲಾದ ಬಣ್ಣದ ‘ದಳ’ಗಳು ಎಲೆಗಳು, ನಡುವಿನ ಚಿಕ್ಕ ಬಿಳಿ ಕೊಳವೆಯೇ ಹೂವು. ಅತ್ತಿಗೆ ಹೂವಿಲ್ಲ ಎನ್ನುತ್ತಾರೆ, ಅದರ ಹೂಗಳು ನಾವು ಹಣ್ಣು ಎನ್ನುವ ಗುಂಡಿನ ಒಳಗೋಡೆಯಲ್ಲಿವೆ. ಒಳಗೆ ಸಿಗುವ ಹುಳ ಹೆಚ್ಚಾಗಿ ಪರಾಗ ತಂದ ಕಣಜದ ವಂಶವೇ. ಕುಂಬಳದ ಬಳ್ಳಿಯಲ್ಲಿ ಮೊದಮೊದಲ ಹೂಗಳು ಉದುರಿದರೆ ಗಾಬರಿ ಬೇಡ, ಅವು ಸಾಮಾನ್ಯವಾಗಿ ಗಂಡು ಹೂಗಳು. ಹೂವಿನ ಕೆಳಗೆ ಪುಟಾಣಿ ಕಾಯಿ ಇದ್ದರೆ ಅದು ಹೆಣ್ಣು.

ಹಂತ 6: ಏಕದಳವೋ ದ್ವಿದಳವೋ?

ಇಲ್ಲಿ ‘ದಳ’ ಎಂದರೆ ಹೂವಿನ ಎಸಳಲ್ಲ, ಬೀಜದೊಳಗಿನ ಬೇಳೆ. ಏಕದಳಗಳಲ್ಲಿ ಸಾಮಾನ್ಯವಾಗಿ ಎಲೆಯ ನರಗಳು ಸಮಾನಾಂತರ, ಹೂವಿನ ಭಾಗಗಳು ಮೂರರ ಲೆಕ್ಕ, ಬೇರು ಗುಚ್ಛ. ದ್ವಿದಳಗಳಲ್ಲಿ ಬಲೆಯಂಥ ನರಗಳು, ನಾಲ್ಕು ಇಲ್ಲವೇ ಐದರ ಲೆಕ್ಕ, ತಾಯಿಬೇರು. ಒಂದೇ ಲಕ್ಷಣ ನಂಬಿ ತೀರ್ಮಾನಿಸಬೇಡಿ: ಕೆಸುವಿನ ಎಲೆಯ ನರಗಳು ಸಮಾನಾಂತರವಾಗಿ ಕಾಣದಿದ್ದರೂ ಅದು ಏಕದಳ. ನೈದಿಲೆ, ಸಂಪಿಗೆ, ಕಾಳುಮೆಣಸು ಇವನ್ನು ಹಳೆಯ ಪುಸ್ತಕಗಳು ದ್ವಿದಳವೆಂದರೂ ಇಂದಿನ ವರ್ಗೀಕರಣದಲ್ಲಿ ಅವು ಬೇರೆಯೇ ಹಳೆಯ ಕವಲುಗಳು.

ಹಂತ 7: ಗಂಡು ಹೆಣ್ಣು ಕೂಡದೆಯೇ ಹುಟ್ಟಿದ್ದೇ?

ಕಾಡುಬಸಳೆಯ ಎಲೆಯನ್ನು ತೇವದ ಮಣ್ಣಿನ ಮೇಲಿಟ್ಟರೆ ಅಂಚಿನ ಕಚ್ಚುಗಳಲ್ಲಿ ಮರಿಗಳೇಳುತ್ತವೆ. ಇಂಥ ಮರಿ ತಾಯಿಯ ಪಡಿಯಚ್ಚು. ನೆಲದಡಿಯ ಗಡ್ಡೆ ಸಿಕ್ಕರೆ ಅದು ಕಾಂಡವೋ ಬೇರೋ ನೋಡಿ. ಆಲೂಗಡ್ಡೆಯ ಕಣ್ಣುಗಳು ಮೊಗ್ಗುಗಳು, ಆದ್ದರಿಂದ ಅದು ಕಾಂಡ. ಶುಂಠಿಯಲ್ಲಿ ಗೆಣ್ಣುಗಳಿವೆ, ಅದೂ ಕಾಂಡ. ಗೆಣಸಿನಲ್ಲಿ ಅಂಥ ಗೆಣ್ಣು ಕಾಣದು, ಅದು ಬೇರು.

ಕೊನೆಗೆ ಒಂದು ಬಾಳೆಹಣ್ಣನ್ನು ಅಡ್ಡ ಕೊಯ್ದು ಭೂತಗನ್ನಡಿ ಹಿಡಿಯಿರಿ. ಅಂಡಾಶಯದ ಮೂರು ಕೋಣೆಗಳು ಕಾಣುತ್ತವೆ, ಏಕದಳದ ಮೂರರ ಲೆಕ್ಕ. ನಡುವಿನ ಕಪ್ಪು ಚುಕ್ಕೆಗಳು ನಿಷೇಚನವಾಗದೆ, ಬೀಜವಾಗದೆ ಉಳಿದ ಅಂಡಕಗಳು. ಆ ಬಾಳೆಯ ಮುಂದಿನ ಗಿಡ ಬರುವುದು ಬುಡದ ಕಂದಿನಿಂದ.